ಉಬ್ಬಸ ಹುಡುಕಿದವರಿಗೆ ಮೂಳೆ ಸಿಕ್ಕಿತು

ದಾವಣಗೆರೆಯ ಓದುಗರೊಬ್ಬರು ತಮ್ಮ ಏಳು ವರ್ಷದ ಮಗನ ಲ್ಯಾಬ್ ರಿಪೋರ್ಟಿನ ಫೋಟೊ ಕಳಿಸಿದ್ದಾರೆ. ‘ಐಜಿಇ 840 ಬಂದಿದೆ. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಹೈ ಅಂತ ಹಾಕಿದ್ದಾರೆ. ಅವತ್ತಿನಿಂದ ನಮ್ಮ ಅತ್ತೆಯವರು ಬಾಳೆಹಣ್ಣು, ಮೊಸರು, ಮೊಟ್ಟೆ ಎಲ್ಲ ನಿಲ್ಲಿಸಿಬಿಟ್ಟಿದ್ದಾರೆ. ಈ ನಂಬರ್ ಇಳಿಸೋದು ಹೇಗೆ?’ ಎಂದು ಕೇಳಿದ್ದಾರೆ.

ಅಮ್ಮಾ, ನಂಬರ್ ಇಳಿಸುವ ಚಿಂತೆಯನ್ನು ಮೊದಲು ಬಿಡಿ. ಅದು ಜ್ವರದ ಡಿಗ್ರಿಯಂಥದ್ದಲ್ಲ. ಏಕೆ ಎಂದು ಹೇಳಬೇಕಾದರೆ ಒಬ್ಬರ ಹೊಟ್ಟೆಯ ಚರ್ಮದಿಂದ ಶುರು ಮಾಡಬೇಕು.

1921ರಲ್ಲಿ ಜರ್ಮನಿಯ ಬ್ರೆಸ್ಲಾವ್ ಊರಿನಲ್ಲಿ ಕಾರ್ಲ್ ಪ್ರಾಸ್ನಿಟ್ಸ್ ಮತ್ತು ಹೈನ್ಸ್ ಕ್ಯೂಸ್ಟ್ನರ್ ಎಂಬ ಇಬ್ಬರು ವೈದ್ಯರಿದ್ದರು. ಕ್ಯೂಸ್ಟ್ನರ್‌ಗೆ ಬೇಯಿಸಿದ ಮೀನು ತಿಂದರೆ ಮೈಯೆಲ್ಲ ದದ್ದು. ಪ್ರಾಸ್ನಿಟ್ಸ್‌ಗೆ ಮೀನಿನಿಂದ ಯಾವ ತೊಂದರೆಯೂ ಇರಲಿಲ್ಲ. ಅವರು ಕ್ಯೂಸ್ಟ್ನರ್ ರಕ್ತದ ತಿಳಿಯನ್ನು ಒಂದು ಚೂರು ತೆಗೆದು ತಮ್ಮದೇ ಹೊಟ್ಟೆಯ ಚರ್ಮದೊಳಗೆ ಚುಚ್ಚಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದರು. ನೋಡನೋಡುತ್ತ ಆ ಜಾಗ ಮಾತ್ರ ಕೆಂಪಾಗಿ, ಸೊಳ್ಳೆ ಕಚ್ಚಿದ ಹಾಗೆ ಗಂಟುಕಟ್ಟಿ ಉಬ್ಬಿತು. ಒಬ್ಬನ ಅಲರ್ಜಿ ಇನ್ನೊಬ್ಬನ ಮೈಗೆ, ಅದೂ ಒಂದು ಬಿಲ್ಲೆಯಷ್ಟೇ ಜಾಗಕ್ಕೆ, ದಾಟಿಬಿಟ್ಟಿತ್ತು. ರಕ್ತದಲ್ಲಿ ಏನೋ ಇದೆ ಎಂಬುದು ಗೊತ್ತಾಯಿತು. ಆದರೆ ಅದು ಏನು ಎಂದು ತಿಳಿಯಲು ಇನ್ನೂ 45 ವರ್ಷ ಬೇಕಾಯಿತು.

1966ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ, ಮಕ್ಕಳ ಅಸ್ತಮಾ ಸಂಶೋಧನಾ ಸಂಸ್ಥೆಯೊಂದರಲ್ಲಿ, ಕಿಮಿಶಿಗೆ ಇಶಿಜಾಕಾ ಮತ್ತು ತೆರುಕೊ ಇಶಿಜಾಕಾ ಎಂಬ ಜಪಾನಿ ದಂಪತಿ ಅದನ್ನು ಹಿಡಿದರು. ಅದೊಂದು ಪ್ರತಿಕಾಯ, ಅಂದರೆ ಮೈಯ ರಕ್ಷಣೆಗೆಂದು ಇರುವ ಪ್ರೋಟೀನು. ಅವರೂ ಪರೀಕ್ಷೆಗೆ ಒಡ್ಡಿದ್ದು ತಮ್ಮದೇ ಬೆನ್ನನ್ನು. ಅವರಿಗೆ ರಕ್ತ ಕೊಟ್ಟವರು ರ್‍ಯಾಗ್‌ವೀಡ್ ಎಂಬ ಕಳೆಯ ಪರಾಗದಿಂದ ಸೀನಿ ಸೀನಿ ಸುಸ್ತಾದವರು. ಆ ಕಳೆ ನಮ್ಮ ರಸ್ತೆಬದಿಯ ಕಾಂಗ್ರೆಸ್ ಹುಲ್ಲಿನ ಹತ್ತಿರದ ದಾಯಾದಿ. ಎರಡರ ಪರಾಗಕ್ಕೂ ಎಷ್ಟು ಹೋಲಿಕೆ ಎಂದರೆ ಒಂದಕ್ಕೆಂದು ಹುಟ್ಟಿದ ಪ್ರತಿಕಾಯ ಇನ್ನೊಂದನ್ನೂ ಹಿಡಿಯಬಲ್ಲದು. ಸ್ವೀಡನ್ನಿನ ಸಂಶೋಧಕರೂ ಅದೇ ಹೊತ್ತಿಗೆ ಬೇರೆ ದಾರಿಯಿಂದ ಬಂದು ಇದೇ ಪ್ರೋಟೀನನ್ನು ಮುಟ್ಟಿದ್ದರು. 1968ರಲ್ಲಿ ಅದಕ್ಕೆ ಐಜಿಇ ಎಂದು ಅಧಿಕೃತವಾಗಿ ಹೆಸರಿಟ್ಟರು.

ಅಷ್ಟು ವರ್ಷ ಕೈಗೆ ಸಿಗದಿದ್ದದ್ದಕ್ಕೆ ಕಾರಣ ಅದರ ಅಲ್ಪತನ. ರಿಪೋರ್ಟಿನಲ್ಲಿ 100 ಯೂನಿಟ್ ಎಂದಿದ್ದರೆ ಒಂದು ಮಿಲಿಲೀಟರಿಗೆ 240 ನ್ಯಾನೊಗ್ರಾಂ ಎಂದರ್ಥ. ಅದರ ಅಣ್ಣ, ಐಜಿಜಿ ಎಂಬ ಪ್ರತಿಕಾಯ, ಅದೇ ಒಂದು ಮಿಲಿಲೀಟರಿನಲ್ಲಿ ಸುಮಾರು 10 ಮಿಲಿಗ್ರಾಂ ಇರುತ್ತದೆ, ಅಂದರೆ ನಲವತ್ತು ಸಾವಿರ ಪಟ್ಟು ಹೆಚ್ಚು. ಇಷ್ಟು ಕಡಿಮೆ ಇರುವುದಲ್ಲದೆ ರಕ್ತದಲ್ಲಿ ಅದು ಹೆಚ್ಚು ದಿನ ನಿಲ್ಲುವುದೂ ಇಲ್ಲ. ಎರಡು ಮೂರು ದಿನದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಮೂಗು, ಶ್ವಾಸನಾಳ, ಚರ್ಮದಲ್ಲಿ ಕೂತಿರುವ ಮಾಸ್ಟ್ ಕೋಶಗಳ ಮೈಗೆ ಅಂಟಿಕೊಂಡಿತೋ, ಅಲ್ಲಿ ವಾರಗಟ್ಟಲೆ ಠಿಕಾಣಿ. ಧೂಳಿನ ನುಸಿಯ ಹಿಕ್ಕೆಯೋ ಪರಾಗವೋ ಬಂದು ತಾಗಿದಾಗ ಆ ಕೋಶಗಳು ಹಿಸ್ಟಮಿನ್ ಕಕ್ಕುತ್ತವೆ. ಸೀನು, ಕೆರೆತ, ಗೊರಗೊರ ಎಲ್ಲ ಆಗುವುದು ಅಲ್ಲಿ. ಲ್ಯಾಬಿನವರು ಅಳೆದು ಕೊಡುವುದು ಇನ್ನೂ ದಾರಿಯಲ್ಲಿರುವ ಐಜಿಇಯನ್ನು ಮಾತ್ರ.

ಮೇಲಾಗಿ ಒಟ್ಟು ಐಜಿಇ ಏರಲು ಅಲರ್ಜಿಯೇ ಬೇಕಿಲ್ಲ. ಹೊಟ್ಟೆಯಲ್ಲಿ ಜಂತುಹುಳು ಇದ್ದರೂ ಅದು ಜೋರಾಗಿ ಏರುತ್ತದೆ. ಬರಿಗಾಲಲ್ಲಿ ಮಣ್ಣಿನಲ್ಲಿ ಆಡುವ, ಒಂದು ದಿನವೂ ಸೀನದ ಮಕ್ಕಳಲ್ಲೂ ಸಾವಿರ ದಾಟಿರಬಹುದು. ಶಾಲೆ, ಅಂಗನವಾಡಿಗಳಲ್ಲಿ ಜಂತುಹುಳುವಿಗೆಂದು ಆಲ್ಬೆಂಡಜೋಲ್ ಮಾತ್ರೆ ಹಂಚುವ ನಮ್ಮ ದೇಶದಲ್ಲಿ 840 ಎಂಬ ಅಂಕಿಗೆ ಎರಡು ಅರ್ಥಗಳಿರಬಹುದು ಎನ್ನುವುದನ್ನು ಯಾವ ಪೋಷಕರೂ ಮರೆಯಬಾರದು. ಇತ್ತ ನಿಜವಾಗಿ ಅಲರ್ಜಿಯ ಉಬ್ಬಸ ಇರುವ ಮಗುವಿನಲ್ಲೂ ಒಟ್ಟು ಐಜಿಇ ಸಾಧಾರಣ ಮಟ್ಟದಲ್ಲೇ ಇರಬಹುದು.

ಹಾಗಾದರೆ ಉಬ್ಬಸಕ್ಕೆ ರಕ್ತದಲ್ಲಿ ಇದಕ್ಕಿಂತ ಒಳ್ಳೆಯ ಗುರುತು ಇಲ್ಲವೇ? ಹುಡುಕಾಟವೇನೋ ದೊಡ್ಡದಾಗಿಯೇ ನಡೆದಿದೆ. ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ ಉಗುಳುವ ಇಸಿಪಿ ಎಂಬ ಪ್ರೋಟೀನಿನ ಮೇಲೆ ಒಂದು ಕಾಲಕ್ಕೆ ಬಹಳ ಭರವಸೆಯಿತ್ತು. ಅದರ ಕಷ್ಟವೆಂದರೆ, ತೆಗೆದ ರಕ್ತ ಹೆಪ್ಪುಗಟ್ಟುವ ತನಕ ಟ್ಯೂಬಿನೊಳಗೂ ಆ ಕಣಗಳು ಅದನ್ನು ಉಗುಳುತ್ತಲೇ ಇರುತ್ತವೆ. ಟ್ಯೂಬು ಎಷ್ಟು ಹೊತ್ತು, ಎಷ್ಟು ಸೆಕೆಯಲ್ಲಿ ನಿಂತಿತ್ತು ಎಂಬುದರ ಮೇಲೆ ಅಂಕಿ ಬದಲಾಗುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಕಥೆ ಪೆರಿಯೊಸ್ಟಿನ್‌ನದು. ಅಲರ್ಜಿ ಬಗೆಯ ಉರಿಯೂತ ಇರುವಾಗ ಶ್ವಾಸನಾಳದ ಒಳಪದರದ ಕೋಶಗಳು ಈ ಪ್ರೋಟೀನನ್ನು ಗಾಳಿಯ ಕಡೆಗಲ್ಲ, ಒಳಬದಿಗೆ, ರಕ್ತದ ಕಡೆಗೆ ಸುರಿಸುತ್ತವೆ. ಅಂದರೆ ಎದೆಯೊಳಗಿನ ಸುದ್ದಿ ತೋಳಿನಿಂದ ತೆಗೆದ ರಕ್ತದಲ್ಲೇ ಸಿಕ್ಕ ಹಾಗಾಯಿತು. 2011ರಲ್ಲಿ ಪ್ರಕಟವಾದ ಔಷಧ ಪ್ರಯೋಗವೊಂದರಲ್ಲಿ ಪೆರಿಯೊಸ್ಟಿನ್ ಹೆಚ್ಚಿದ್ದ ವಯಸ್ಕ ರೋಗಿಗಳೇ ಹೊಸ ಔಷಧಿಗೆ ಚೆನ್ನಾಗಿ ಸ್ಪಂದಿಸಿದ್ದರು. ಇನ್ನೇನು, ಮಕ್ಕಳಲ್ಲೂ ಅಳೆದುಬಿಡೋಣ ಎಂದರು. ಅಳೆದರೆ, ಉಬ್ಬಸ ಇದ್ದ ಮಕ್ಕಳಲ್ಲೂ ಹೆಚ್ಚು, ಇಲ್ಲದ ಮಕ್ಕಳಲ್ಲೂ ಹೆಚ್ಚು! ದೊಡ್ಡವರ ಎರಡು ಮೂರು ಪಟ್ಟು.

ಗುಟ್ಟು ಹೆಸರಿನಲ್ಲೇ ಇತ್ತು. ಪೆರಿಯೊಸ್ಟಿಯಂ ಎಂದರೆ ಮೂಳೆಯನ್ನು ಹೊದ್ದಿರುವ ತೆಳುಪೊರೆ. 1993ರಲ್ಲಿ ಈ ಪ್ರೋಟೀನು ಮೊದಲು ಸಿಕ್ಕಿದ್ದೇ ಇಲಿಯ ಮೂಳೆ ಕಟ್ಟುವ ಕೋಶಗಳಲ್ಲಿ. ಮುರಿದ ಮೂಳೆ ಕೂಡಿಕೊಳ್ಳುವಾಗಲೂ ಇದಕ್ಕೆ ಕೆಲಸವಿದೆ. ಯುಗಾದಿಗೆ ಹೊಲಿಸಿದ ಪ್ಯಾಂಟು ದೀಪಾವಳಿಗೆ ಗಿಡ್ಡವಾಗುವ ವಯಸ್ಸಿನಲ್ಲಿ ಮಗುವಿನ ಒಂದೊಂದು ಮೂಳೆಯೂ ಪೆರಿಯೊಸ್ಟಿನ್ ಸುರಿಸುತ್ತಿರುತ್ತದೆ. ಉಬ್ಬಸದ ಸುದ್ದಿ ಆ ಗದ್ದಲದಲ್ಲಿ ಸರಿಯಾಗಿ ಕೇಳಿಸುವುದಿಲ್ಲ. ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ನಾವು ಗೆರೆ ಎಳೆದು ಗುರುತಿಡುವ ಎತ್ತರವನ್ನೇ ವಿಜ್ಞಾನಿಗಳು ರಕ್ತದಲ್ಲಿ ಅಳೆಯುತ್ತಿದ್ದರು. ಇದನ್ನು ಓದಿದ ದಿನ ನನಗಾದ ಖುಷಿ ಹೇಳತೀರದು. ಮಗು ಎಂದರೆ ಪುಟ್ಟ ಗಾತ್ರದ ದೊಡ್ಡವನಲ್ಲ ಎಂದು ಮಕ್ಕಳ ವೈದ್ಯರು ಹೇಳುತ್ತಲೇ ಇರುತ್ತಾರಲ್ಲ, ಅದಕ್ಕೆ ಇದಕ್ಕಿಂತ ಚಂದದ ಸಾಕ್ಷಿ ನಾನು ಕಂಡಿಲ್ಲ.

ಇನ್ನು ಮಕ್ಕಳ ಆಸ್ಪತ್ರೆಯ ಬೆಂಚಿನಲ್ಲಿ ಕೂತು ನಾನೇ ನೋಡಿದ್ದು. ಅಲರ್ಜಿಯ ಮಕ್ಕಳು ಮೂಗನ್ನು ಅಂಗೈಯಿಂದ ಕೆಳಗಿನಿಂದ ಮೇಲಕ್ಕೆ ಒತ್ತಿ ಉಜ್ಜುತ್ತಾರೆ, ಯಾರಿಗೋ ಸಲಾಮು ಹೊಡೆದ ಹಾಗೆ. ತಿಂಗಳುಗಟ್ಟಲೆ ಹೀಗೇ ಉಜ್ಜಿದರೆ ಮೂಗಿನ ಮೃದುಭಾಗದ ಮೇಲೆ ಒಂದು ಸಣ್ಣ ಅಡ್ಡಗೆರೆ ಮೂಡುತ್ತದೆ. ಕಣ್ಣಿನ ಕೆಳಗೆ ಕಪ್ಪು. ‘ಯಾರದೋ ದೃಷ್ಟಿ ತಾಗಿದೆ’ ಎಂದು ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾರೆ. ಅದು ದೃಷ್ಟಿಯಲ್ಲ, ಮೂಗು ಕಟ್ಟಿ ಅಲ್ಲಿನ ರಕ್ತ ಸರಾಗವಾಗಿ ಹರಿಯದೆ ನಿಂತದ್ದು. ಆ ಒಲೆಯ ಮೆಣಸಿನ ಘಾಟು ಮಗುವಿನ ಉಬ್ಬಸವನ್ನು ಇನ್ನಷ್ಟು ಕೆರಳಿಸುತ್ತದೆ. ದಯವಿಟ್ಟು ಬೇಡ. ಮೃಗಶಿರಾ ಮಳೆಯ ಹೊತ್ತಿಗೆ ಮಕ್ಕಳನ್ನು ಹೈದರಾಬಾದಿಗೆ ಕರೆದೊಯ್ದು ಬಾಯಲ್ಲಿ ಜೀವಂತ ಮೀನು ತುರುಕಿಸುವವರಿಗೂ ಇದೇ ಮಾತು. ಅದರಿಂದ ಉಬ್ಬಸ ಹೋಗುತ್ತದೆ ಎನ್ನಲು ಯಾವ ಪುರಾವೆಯೂ ಇಲ್ಲ. ಅದೇ ಜನ ಇನ್‌ಹೇಲರ್ ಎಂದರೆ ‘ಚಟ ಹತ್ತುತ್ತೆ’ ಎಂದು ಹಿಂದೆ ಸರಿಯುತ್ತಾರೆ. ಚಟ ಹತ್ತುವುದಿಲ್ಲ. ಉಬ್ಬಸ ತಡೆಯಲು ದಿನವೂ ಎಳೆದುಕೊಳ್ಳುವ ಔಷಧಿ ಮೈಕ್ರೊಗ್ರಾಂ ಲೆಕ್ಕದ್ದು, ನೇರ ಶ್ವಾಸನಾಳಕ್ಕೆ ಹೋಗುವಂಥದ್ದು. ಉಬ್ಬಸ ಕೆರಳಿದಾಗ ಕೊಡುವ ಸ್ಟೀರಾಯ್ಡ್ ಮಾತ್ರೆಯದು ಮಿಲಿಗ್ರಾಂ ಲೆಕ್ಕ. ಒಂದು ಮಿಲಿಗ್ರಾಂ ಎಂದರೆ ಸಾವಿರ ಮೈಕ್ರೊಗ್ರಾಂ.

ಐಜಿಇ ಪರೀಕ್ಷೆ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಧೂಳಿನ ನುಸಿಗೋ ಜಿರಳೆಗೋ ಪರಾಗಕ್ಕೋ ಎಂದು ಬಿಡಿಬಿಡಿಯಾಗಿ ನೋಡುವ ಐಜಿಇ, ಮಗುವಿನ ತೊಂದರೆಯ ವಿವರ ಕೇಳಿದ ವೈದ್ಯರ ಕೈಯಲ್ಲಿ ತುಂಬ ಉಪಯೋಗದ್ದು. ಆದರೆ ಅದೂ ಹೇಳುವುದು ಮೈ ಆ ವಸ್ತುವನ್ನು ಗುರುತಿಟ್ಟುಕೊಂಡಿದೆ ಎಂದು ಮಾತ್ರ. ಗುರುತಿಟ್ಟುಕೊಂಡ ಎಲ್ಲದಕ್ಕೂ ಮೈ ಕೆರಳುವುದಿಲ್ಲ. ಹಾಲು, ಮೊಟ್ಟೆ, ಗೋಧಿ, ಕಡಲೆಬೀಜ ಎಂದು ಐಜಿಜಿ ಅಳೆದು ಉದ್ದದ ಪಟ್ಟಿ ಕೊಡುವ ಪರೀಕ್ಷೆಗಳಿಗಂತೂ ದುಡ್ಡು ಸುರಿಯಬೇಡಿ. ಆಹಾರದ ಐಜಿಜಿ ಹೇಳುವುದು ಮಗು ಅದನ್ನು ತಿಂದಿದೆ ಎಂಬುದನ್ನಷ್ಟೇ.

ದಾವಣಗೆರೆಯ ತಾಯಿಗೆ ನನ್ನ ಕೋರಿಕೆ ಇಷ್ಟು. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮಗ ಯಾವಾಗ ಕೆಮ್ಮಿದ, ರಾತ್ರಿ ಎಷ್ಟು ಗಂಟೆಗೆ ಎದ್ದು ಕೂತ, ಓಡಿ ಬಂದ ಮೇಲೆ ಎದೆ ಗೊರಗೊರ ಎಂದಿತೇ, ಕಸ ಗುಡಿಸಿದಾಗ ಸೀನಿದನೇ, ಎರಡು ವಾರ ಬರೆದಿಡಿ. ಮೊಟ್ಟೆ, ಮೊಸರು, ಬಾಳೆಹಣ್ಣು ತಿಂದು ಇದುವರೆಗೆ ಏನೂ ಆಗಿರಲಿಲ್ಲವಾದರೆ ಅದನ್ನೂ ಬರೆಯಿರಿ. ಆ ನೋಟ್‌ಬುಕ್ಕನ್ನೂ ರಿಪೋರ್ಟನ್ನೂ ಜೊತೆಯಲ್ಲಿಟ್ಟು ಮಕ್ಕಳ ವೈದ್ಯರಿಗೆ ತೋರಿಸಿ, ಊಟದಲ್ಲಿ ಏನನ್ನಾದರೂ ನಿಲ್ಲಿಸಬೇಕೇ ಎಂದು ನೇರವಾಗಿ ಕೇಳಿ. ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ.