ಪ್ರಶ್ನೆ ಕೇಳುವ ಕುರ್ಚಿ

ಆಟ ಬಿಟ್ಟ ಆಟಗಾರನಿಗೆ ಟಿ.ವಿ. ಸ್ಟುಡಿಯೊದಲ್ಲಿ ಎರಡು ಬಗೆಯ ಕುರ್ಚಿಗಳಿರುತ್ತವೆ. ಒಂದು ಉತ್ತರ ಹೇಳುವವರದು, ಇನ್ನೊಂದು ಪ್ರಶ್ನೆ ಕೇಳುವವರದು. ಮೊದಲನೆಯದಕ್ಕೆ ಸದಾ ನೂಕುನುಗ್ಗಲು. ಎರಡನೆಯದರತ್ತ ತಿರುಗಿ ನೋಡುವವರೇ ಕಡಿಮೆ. ನಮ್ಮ ಕ್ರಿಕೆಟ್ಟನ್ನೇ ತೆಗೆದುಕೊಳ್ಳಿ. ವಿಜಯ್ ಭಾರದ್ವಾಜ್ ಕನ್ನಡದಲ್ಲಿ ವೀಕ್ಷಕ ವಿವರಣೆ ಕೊಡುತ್ತಾರೆ. ಗಾವಸ್ಕರ್, ರವಿ ಶಾಸ್ತ್ರಿ ಇಂಗ್ಲಿಷಿನಲ್ಲಿ ತೀರ್ಪು ಕೊಡುತ್ತಾರೆ. ಆದರೆ ಇಂಥವರನ್ನೆಲ್ಲ ಕೂರಿಸಿಕೊಂಡು ಕಾರ್ಯಕ್ರಮ ನಡೆಸುವವರು ಮಯಂತಿ ಲ್ಯಾಂಗರ್, ಜತಿನ್ ಸಪ್ರು ಅವರಂತೆ ಕ್ಯಾಮೆರಾ ಮುಂದೆಯೇ ಪಳಗಿದವರು.

ಕಾರಣವೇನೂ ಗುಟ್ಟಲ್ಲ. ಉತ್ತರ ಹೇಳುವುದಕ್ಕೆ ಆಡಿದ ಅನುಭವವೇ ಬಂಡವಾಳ. ಪ್ರಶ್ನೆ ಕೇಳುವ ಕುರ್ಚಿಯಲ್ಲಿ ಆ ಬಂಡವಾಳವನ್ನು ಜೇಬಿನಲ್ಲೇ ಇಟ್ಟುಕೊಳ್ಳಬೇಕು. ತನಗೆ ಚೆನ್ನಾಗಿ ಗೊತ್ತಿರುವುದನ್ನೇ ಗೊತ್ತಿಲ್ಲದವನಂತೆ ಪಕ್ಕದವನನ್ನು ಕೇಳಬೇಕು. ಅದೂ ಯಾವ ಸ್ಥಿತಿಯಲ್ಲಿ? ಕಿವಿಯೊಳಗೆ ಇಯರ್‌ಪೀಸ್, ಅದರಲ್ಲಿ ಕಂಟ್ರೋಲ್ ರೂಮಿನ ಮಾತು ನಿಲ್ಲುವುದೇ ಇಲ್ಲ. ಇನ್ನು ಮೂವತ್ತು ಸೆಕೆಂಡು, ಇನ್ನು ಹತ್ತು, ಕ್ಲಿಪ್ಪಿಂಗ್ ಸಿದ್ಧವಿಲ್ಲ, ಎಳೆಯಿರಿ. ಎದುರಿಗೆ ಟೆಲಿಪ್ರಾಂಪ್ಟರ್. ಪಕ್ಕದಲ್ಲಿ ಮಾತು ಮುಗಿಸಲೊಲ್ಲದ ಅತಿಥಿ. ಇಷ್ಟರ ನಡುವೆ ಮನೆಯಲ್ಲಿ ಕೂತು ನೋಡುವವನಿಗೆ, ಇವರು ಹರಟೆ ಹೊಡೆಯುತ್ತಿದ್ದಾರೆ ಎನಿಸಬೇಕು.

ಮಾಜಿ ಫುಟ್‌ಬಾಲ್ ಆಟಗಾರ ಗ್ಯಾರಿ ಲಿನೆಕರ್ ಈ ಕುರ್ಚಿಯಲ್ಲಿ ಇಪ್ಪತ್ತಾರು ವರ್ಷ ಕೂತರು.

ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ 1960ರ ನವೆಂಬರ್ 30ರಂದು ಹುಟ್ಟಿದವರು. ಅದೇ ದಿನ ವಿನ್‌ಸ್ಟನ್ ಚರ್ಚಿಲ್‌ರ ಜನ್ಮದಿನವೂ ಆದ್ದರಿಂದ ಮಗುವಿನ ಹೆಸರಿನ ನಡುವೆ ವಿನ್‌ಸ್ಟನ್ ಸೇರಿಕೊಂಡಿತು. ಮನೆಯವರು ಲೆಸ್ಟರ್ ಮಾರುಕಟ್ಟೆಯಲ್ಲಿ ಹಣ್ಣು, ತರಕಾರಿ ಮಾರುತ್ತಿದ್ದರು. ಹುಡುಗ ಶಾಲೆಯಲ್ಲಿ ಒಳ್ಳೆಯ ಕ್ರಿಕೆಟಿಗ, ಲೆಸ್ಟರ್‌ಶೈರ್ ಶಾಲಾ ತಂಡದ ನಾಯಕ. 1979ರ ಹೊಸ ವರ್ಷದ ದಿನ ಲೆಸ್ಟರ್ ಸಿಟಿ ಫುಟ್‌ಬಾಲ್ ಕ್ಲಬ್ ಪರ ಮೊದಲ ಪಂದ್ಯ ಆಡಿದ ಮೇಲೆ ಬ್ಯಾಟು ಹಿಂದೆ ಸರಿಯಿತು.

ಲಿನೆಕರ್ ಮೈದಾನದ ನಡುವಿನಿಂದ ನಾಲ್ಕು ಜನರಿಗೆ ಚಳ್ಳೆಹಣ್ಣು ತಿನ್ನಿಸಿ ಬರುತ್ತಿದ್ದ ಆಟಗಾರರಲ್ಲ. ಅವರ ಗೋಲುಗಳಲ್ಲಿ ಹೆಚ್ಚಿನವು ಗೋಲಿನ ಬಾಯಿಯಲ್ಲೇ ಹುಟ್ಟಿದವು. ಚೆಂಡು ಎಲ್ಲಿ ಬಂದು ಬೀಳಬಹುದೆಂದು ಮೊದಲೇ ಅಂದಾಜು ಮಾಡಿ ಅಲ್ಲಿಗೆ ಓಡುವುದು, ಬಂದರೆ ತಳ್ಳುವುದು, ಬಾರದಿದ್ದರೆ ಮತ್ತೆ ಓಡುವುದು. ಹತ್ತು ಸಲ ಓಡಿದರೆ ಒಂಬತ್ತು ಸಲ ವ್ಯರ್ಥ. ನೋಡುವವರಿಗೆ ಆ ಒಂಬತ್ತು ಓಟ ಕಾಣುವುದೇ ಇಲ್ಲ. ಅದೃಷ್ಟವಂತ, ಕಾಲಿಗೇ ಬಂತು ಚೆಂಡು, ಎಂದುಬಿಡುತ್ತಾರೆ. ತಂಡದ ಕೆಲಸವೆಲ್ಲ ಬೇರೆಯವರು ಮಾಡಿ, ಕೊನೆಯ ಒಂದು ಸ್ಪರ್ಶ ಮಾತ್ರ ಇವನದು ಎಂಬ ದೂರೂ ಇತ್ತು. ಟಿ.ವಿ. ನಿರೂಪಕನ ಬಗ್ಗೆಯೂ ಜನ ಹೇಳುವುದು ಇದನ್ನೇ.

1985ರಲ್ಲಿ ಎವರ್ಟನ್ 8 ಲಕ್ಷ ಪೌಂಡ್ ಕೊಟ್ಟು ಕರೆದುಕೊಂಡಿತು. ಅಲ್ಲಿದ್ದದ್ದು ಒಂದೇ ಋತು; 57 ಪಂದ್ಯ, 40 ಗೋಲು. ಮರುವರ್ಷ ಮೆಕ್ಸಿಕೊ ವಿಶ್ವಕಪ್. ಮೊದಲೆರಡು ಪಂದ್ಯಗಳಲ್ಲಿ ಇಂಗ್ಲೆಂಡ್ ಒಂದೂ ಗೋಲು ಹೊಡೆಯದೆ ಮನೆಗೆ ಮರಳುವ ಸ್ಥಿತಿಯಲ್ಲಿತ್ತು. ಪೋಲೆಂಡ್ ವಿರುದ್ಧ ಲಿನೆಕರ್ ಹ್ಯಾಟ್ರಿಕ್ ಬಾರಿಸಿದರು, ಪರಾಗ್ವೆ ವಿರುದ್ಧ ಎರಡು. ಕ್ವಾರ್ಟರ್‌ ಫೈನಲ್‌ನಲ್ಲಿ ಮರಡೋನಾ ಕೈಯಿಂದ ಒಂದು, ಕಾಲಿನಿಂದ ಒಂದು ಗೋಲು ಗಳಿಸಿದ ಆ ಪಂದ್ಯ ಎಲ್ಲರಿಗೂ ನೆನಪಿದೆ. ಅದೇ ಪಂದ್ಯದಲ್ಲಿ ಇಂಗ್ಲೆಂಡಿನ ಏಕೈಕ ಗೋಲು ಹೊಡೆದವರು ಯಾರೆಂದು ಕೇಳಿದರೆ ಹಲವರು ತಡವರಿಸುತ್ತಾರೆ. ಆರು ಗೋಲುಗಳೊಂದಿಗೆ ಆ ವಿಶ್ವಕಪ್ಪಿನ ಗೋಲ್ಡನ್ ಬೂಟ್ ಲಿನೆಕರ್‌ಗೇ ಸಂದಿತು.

ಅಲ್ಲಿಂದ ಬಾರ್ಸಿಲೋನಾ. ಇಂಗ್ಲೆಂಡಿನ ಆಟಗಾರರು ಹೊರದೇಶಕ್ಕೆ ಹೋದರೆ ಊಟ ಸೇರದೆ, ಭಾಷೆ ಬಾರದೆ ಒದ್ದಾಡುತ್ತಾರೆ ಎಂಬ ಮಾತಿದೆ. ಇವರು ಸ್ಪ್ಯಾನಿಷ್ ಕಲಿತರು. 1987ರಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ ಹ್ಯಾಟ್ರಿಕ್ ಬಂದಾಗ ಊರೇ ಹೊತ್ತು ಮೆರೆಸಿತು. ಮುಂದೆ ಕೋಚ್ ಆಗಿ ಬಂದ ಯೋಹಾನ್ ಕ್ರೈಫ್ ಗೋಲಿನ ಬಾಯಿಯಿಂದ ತೆಗೆದು ಬಲ ಅಂಚಿಗೆ ನಿಲ್ಲಿಸಿದರು. ಲಿನೆಕರ್ ರಂಪ ಮಾಡಲಿಲ್ಲ, 1989ರಲ್ಲಿ ಟಾಟನ್‌ಹ್ಯಾಮ್‌ಗೆ ಹೊರಟುಹೋದರು. 1990ರ ವಿಶ್ವಕಪ್ಪಿನಲ್ಲಿ ಮತ್ತೆ ನಾಲ್ಕು ಗೋಲು. ಟ್ಯೂರಿನ್‌ನಲ್ಲಿ ಪಶ್ಚಿಮ ಜರ್ಮನಿ ಎದುರು ಸೆಮಿಫೈನಲ್ ನಡೆಯುತ್ತಿದ್ದಾಗ, ಹಳದಿ ಕಾರ್ಡ್ ಪಡೆದ ಸಹ ಆಟಗಾರ ಪಾಲ್ ಗ್ಯಾಸ್ಕೊಯಿನ್ ಕಣ್ಣೀರಿಟ್ಟದ್ದನ್ನು ಮೊದಲು ಗಮನಿಸಿದ್ದು ಇವರೇ. ಕೋಚ್ ಬಾಬಿ ರಾಬ್ಸನ್ ಕಡೆ ತಿರುಗಿ, ಅವನ ಜತೆ ಸ್ವಲ್ಪ ಮಾತಾಡಿ ಎಂದು ಸನ್ನೆ ಮಾಡಿದ್ದನ್ನು ಕ್ಯಾಮೆರಾ ಹಿಡಿಯಿತು. ತನ್ನ ಆಟ ಆಡುತ್ತಲೇ ಪಕ್ಕದವನ ಮುಖ ಓದುವ ಈ ಅಭ್ಯಾಸ ಮುಂದೆ ಸ್ಟುಡಿಯೊದಲ್ಲಿ ಅನ್ನ ಕೊಟ್ಟಿತು.

ಆಟಗಾರನಾಗಿ ಕೊನೆ ಮಾತ್ರ ಚೆನ್ನಾಗಿರಲಿಲ್ಲ. ಇಂಗ್ಲೆಂಡ್ ಪರ 48 ಗೋಲು; ಬಾಬಿ ಚಾರ್ಲ್ಟನ್ ದಾಖಲೆ 49. ಸರಿಗಟ್ಟಲು ಬೇಕಿದ್ದ ಒಂದು ಗೋಲಿಗೆ 1992ರ ಮೇ ತಿಂಗಳಲ್ಲಿ ಬ್ರೆಜಿಲ್ ವಿರುದ್ಧ ಪೆನಾಲ್ಟಿ ಸಿಕ್ಕಿತು. ಚೆಂಡನ್ನು ಮೆಲ್ಲಗೆ ಎತ್ತಿ ಹಾಕಲು ಹೋಗಿ ಅವಕಾಶವನ್ನು ಕೈಚೆಲ್ಲಿದರು. ಮುಂದಿನ ತಿಂಗಳು ಯೂರೊ ಕಪ್‌ನಲ್ಲಿ ಸ್ವೀಡನ್ ವಿರುದ್ಧ ಇಂಗ್ಲೆಂಡಿಗೆ ಗೋಲು ಬೇಕೇಬೇಕಿದ್ದಾಗ ಕೋಚ್ ಗ್ರಹಾಂ ಟೇಲರ್ ತಮ್ಮ ನಾಯಕನನ್ನೇ ಹೊರಗೆ ಕರೆದರು. ಲಿನೆಕರ್ ತೋಳಪಟ್ಟಿ ಬಿಚ್ಚಿಕೊಟ್ಟು ಬಂದು ಕೂತರು. ಅದೇ ಅವರ ಕಡೆಯ ಅಂತರರಾಷ್ಟ್ರೀಯ ಪಂದ್ಯ. ಆಮೇಲೆ ಜಪಾನಿನ ನಗೋಯಾ ಗ್ರಾಂಪಸ್ ಎಯ್ಟ್ ಕ್ಲಬ್ಬಿಗೆ ಹೋದರಾದರೂ ಕಾಲ್ಬೆರಳಿನ ಗಾಯ ಆಡಲು ಬಿಡಲಿಲ್ಲ. 1994ರಲ್ಲಿ ನಿವೃತ್ತಿ. ಹದಿನಾರು ವರ್ಷಗಳಲ್ಲಿ ಒಂದು ಹಳದಿ ಕಾರ್ಡೂ ಇಲ್ಲ, ಕೆಂಪಂತೂ ಇಲ್ಲವೇ ಇಲ್ಲ.

ನಿವೃತ್ತಿಯ ಮರುದಿನ ಯಾರೋ ಕರೆದು ಟಿ.ವಿ.ಯಲ್ಲಿ ಕೂರಿಸಿದರು ಎಂದೇನಲ್ಲ. ಆಡುತ್ತಿದ್ದಾಗಲೇ ಅವರ ಕಣ್ಣು ಆ ಕಡೆಗಿತ್ತು. 1986ರಲ್ಲಿ ಇಂಗ್ಲೆಂಡ್ ಹೊರಬಿದ್ದ ಮೇಲೆ ಬಿಬಿಸಿ ಸ್ಟುಡಿಯೊದಲ್ಲಿ ಪರಿಣತನಾಗಿ ಕೂತಿದ್ದರು. ಆಮೇಲೆ ರೇಡಿಯೊ. 1995ರಲ್ಲಿ ಬಿಬಿಸಿಯ ‘ದೇ ಥಿಂಕ್ ಇಟ್ಸ್ ಆಲ್ ಓವರ್’ ಎಂಬ ನಗೆ-ಕ್ವಿಜ್‌ನಲ್ಲಿ ಒಂದು ತಂಡದ ನಾಯಕತ್ವ. ಎದುರು ತಂಡದ ನಾಯಕ ಯಾರು ಗೊತ್ತೆ? ಕ್ರಿಕೆಟಿನ ಎಡಗೈ ಸೊಗಸುಗಾರ ಡೇವಿಡ್ ಗೋವರ್, ಅವರೂ ಲೆಸ್ಟರ್‌ಶೈರ್ ಪರ ಆಡಿದವರೇ. ಹಾಸ್ಯಗಾರರು ಮುಖದ ಮೇಲೇ ಗೇಲಿ ಮಾಡುವಾಗ ನಗುತ್ತ ಕೂರುವ ಪಾಠವನ್ನು ಇಬ್ಬರೂ ಅಲ್ಲಿ ಕಲಿತರು.

ಅದೇ ವರ್ಷ ವಾಕರ್ಸ್ ಆಲೂಗಡ್ಡೆ ಚಿಪ್ಸ್ ಜಾಹೀರಾತು ಬಂತು. ನಮ್ಮ ಅಂಗಡಿಗಳಲ್ಲಿ ಲೇಸ್ ಎಂಬ ಹೆಸರಿನಲ್ಲಿ ತೂಗಾಡುವ ಪೊಟ್ಟಣವೇ ಅಲ್ಲಿ ವಾಕರ್ಸ್. ಅದರ ಹುಟ್ಟೂರೂ ಲೆಸ್ಟರ್. ಊರಿಗೆ ಮರಳಿದ ಸಭ್ಯ ನಾಯಕ ಬೆಂಚಿನ ಮೇಲೆ ಕೂತ ಹುಡುಗನ ಕೈಯಿಂದ ಚಿಪ್ಸ್ ಕಸಿದುಕೊಳ್ಳುತ್ತಾನೆ. ಒಂದು ಕಾರ್ಡನ್ನೂ ಕಾಣದ ಮನುಷ್ಯನನ್ನು ಕಳ್ಳನನ್ನಾಗಿ ತೋರಿಸಿದ್ದೇ ಅದರ ತಮಾಷೆ. ಆ ಜಾಹೀರಾತು ಸರಣಿ ಎರಡು ದಶಕ ಮೀರಿ ಓಡಿತು. ನನ್ನ ಲೆಕ್ಕದಲ್ಲಿ ಲಿನೆಕರ್ ನಿರೂಪಕರಾದದ್ದು ಸ್ಟುಡಿಯೊಗಿಂತ ಹೆಚ್ಚಾಗಿ ಇಲ್ಲಿ: ತನ್ನನ್ನು ತಾನೇ ಸ್ವಲ್ಪ ಸಣ್ಣದು ಮಾಡಿಕೊಂಡರೆ ನೋಡುವವರು ಹತ್ತಿರ ಬರುತ್ತಾರೆಂಬುದು ಚಿಪ್ಸ್ ಮಾರುವಾಗ ಅವರಿಗೆ ಮನವರಿಕೆಯಾಗಿರಬೇಕು.

ಬಿಬಿಸಿಯ ‘ಮ್ಯಾಚ್ ಆಫ್ ದಿ ಡೇ’ ಬ್ರಿಟನ್ನಿನಲ್ಲಿ ಬರೀ ಫುಟ್‌ಬಾಲ್ ಕಾರ್ಯಕ್ರಮವಲ್ಲ, ಮನೆಮನೆಯ ಶನಿವಾರ ರಾತ್ರಿಯ ಪದ್ಧತಿ. 1964ರ ಆಗಸ್ಟ್ 22ರಂದು ಲಿವರ್‌ಪೂಲ್–ಆರ್ಸೆನಲ್ ಪಂದ್ಯದ ತುಣುಕುಗಳೊಂದಿಗೆ ಶುರುವಾದದ್ದು. ಅಲ್ಲಿ ನಿರೂಪಕನ ಕುರ್ಚಿ ಹಿಡಿದ ಮೊದಲ ಆಟಗಾರ ಲಿನೆಕರ್ ಅಲ್ಲ, ಜಿಮ್ಮಿ ಹಿಲ್. ಫುಲ್‌ಹ್ಯಾಮ್ ಪರ ಆಡಿದ ಹಿಲ್ ಆಟಗಾರರ ಸಂಘದ ಮುಖ್ಯಸ್ಥರಾಗಿ ಹೋರಾಡಿ, ವಾರಕ್ಕೆ 20 ಪೌಂಡ್‌ಗಿಂತ ಹೆಚ್ಚು ಸಂಬಳ ಕೊಡಕೂಡದೆಂಬ ನಿಯಮವನ್ನು 1961ರಲ್ಲಿ ತೆಗೆಸಿದವರು. ಅವರು ಕೂತ ಕುರ್ಚಿಗೆ, ನಂತರದ ನಿರೂಪಕ ಡೆಸ್ ಲೈನಮ್ 1999ರಲ್ಲಿ ಎದುರಾಳಿ ಚಾನೆಲ್ ಐಟಿವಿಗೆ ಹಾರಿದ ಮೇಲೆ, ಲಿನೆಕರ್ ಬಂದರು. ಕಾಲಕ್ರಮದಲ್ಲಿ ಬಿಬಿಸಿ ಪ್ರತಿವರ್ಷ ಪ್ರಕಟಿಸುವ ಸಂಭಾವನೆ ಪಟ್ಟಿಯ ತುದಿಯಲ್ಲೂ ಅವರ ಹೆಸರೇ ಕೂತಿತು. 2020ರಲ್ಲಿ ಕಡಿತಕ್ಕೆ ಒಪ್ಪಿದ ನಂತರವೂ ವರ್ಷಕ್ಕೆ ಸುಮಾರು 13.5 ಲಕ್ಷ ಪೌಂಡ್. ಬಿಬಿಸಿಗಾಗಿ ಟಿ.ವಿ. ಪರವಾನಗಿ ಶುಲ್ಕ ಕಟ್ಟುವ ಜನ ಗೊಣಗಿದ್ದರಲ್ಲಿ ಆಶ್ಚರ್ಯವಿಲ್ಲ.

ಲೈನಮ್ ಎಂದರೆ ಮೀಸೆಯಡಿಯ ನಗುವಿನಲ್ಲೇ ಅರ್ಧ ಮಾತು ಮುಗಿಸುವ ಗತ್ತಿನ ಮನುಷ್ಯ. ಅವರ ಜಾಗದಲ್ಲಿ ಬಂದವರು ಮೊದಮೊದಲು ಮರದ ಬೊಂಬೆಯಂತೆ ಕಂಡದ್ದು ನಿಜ. ನಿಧಾನಕ್ಕೆ ಒಂದು ಶೈಲಿ ಕೂಡಿಬಂತು. ಪ್ರಶ್ನೆ ಚಿಕ್ಕದು, ಕೆಲವು ಸಲ ಬರೀ ಒಂದು ಹೆಸರು, ಹುಬ್ಬಿನ ಒಂದು ಚಲನೆ. ಕೊನೆಯಲ್ಲೊಂದು ಶ್ಲೇಷೆ, ಅದು ಸಪ್ಪೆಯೆಂದು ತನಗೇ ಗೊತ್ತಿದೆ ಎಂಬ ಮುಖಭಾವ. ಲಿವರ್‌ಪೂಲ್‌ಗೆ ಎಂಟು ಲೀಗ್ ಪ್ರಶಸ್ತಿ ತಂದ, ಕಾರ್ಯಕ್ರಮದ ಪರಿಣತ ಅಲನ್ ಹ್ಯಾನ್ಸನ್ ಡಿಫೆಂಡರುಗಳ ತಪ್ಪನ್ನು ಎಳೆಎಳೆಯಾಗಿ ಬಿಡಿಸುವಾಗ, ಆ ತಪ್ಪುಗಳ ಮೇಲೇ ಬದುಕು ಕಟ್ಟಿಕೊಂಡಿದ್ದ ಸ್ಟ್ರೈಕರ್ ಸುಮ್ಮನೆ ಕೇಳುತ್ತಿದ್ದರು. ತಾನು 1986ರಲ್ಲಿ ಏನು ಮಾಡಿದೆ ಎಂಬ ಪುರಾಣ ಅವರ ಬಾಯಲ್ಲಿ ಬರುತ್ತಿದ್ದದ್ದು ಅಪರೂಪ, ಬಂದರೂ ತಮಾಷೆಗೆ. ಎಲ್ಲ ಕಡೆಯೂ ಇದು ಫಲಿಸಲಿಲ್ಲ. ಬಿಬಿಸಿ ಅವರನ್ನು ಗಾಲ್ಫ್ ನಿರೂಪಣೆಗೂ ಕಳಿಸಿತು, ಆ ಬಟ್ಟೆ ಅವರಿಗೆ ಒಪ್ಪಲಿಲ್ಲ.

ಒಂದು ಸಂಗತಿಯಲ್ಲಿ ಮಾತ್ರ ತಟಸ್ಥತೆ ಎಂಬುದೇ ಇರಲಿಲ್ಲ: ಹುಟ್ಟೂರಿನ ಕ್ಲಬ್. 2002ರಲ್ಲಿ ಲೆಸ್ಟರ್ ಸಿಟಿ ದಿವಾಳಿಯಂಚಿಗೆ ಬಂದಾಗ ಹಣ ಹೊಂದಿಸುವ ಗುಂಪಿನ ಮುಂದಾಳಾದರು. 2015ರ ಬೇಸಿಗೆಯಲ್ಲಿ ಕ್ಲಬ್ ಕ್ಲಾಡಿಯೊ ರಾನಿಯೆರಿ ಅವರನ್ನು ಕೋಚ್ ಮಾಡಿದಾಗ ಟ್ವಿಟರ್‌ನಲ್ಲಿ ಹುಬ್ಬೇರಿಸಿದವರೂ ಇವರೇ. ಡಿಸೆಂಬರ್ ಹೊತ್ತಿಗೆ ತಂಡ ಅಗ್ರಸ್ಥಾನದಲ್ಲಿತ್ತು. ಪ್ರಶಸ್ತಿ ಗೆದ್ದರೆ ಮುಂದಿನ ಋತುವಿನ ಮೊದಲ ಕಾರ್ಯಕ್ರಮವನ್ನು ಒಳಚಡ್ಡಿಯಲ್ಲಿ ನಡೆಸಿಕೊಡುತ್ತೇನೆ ಎಂದು ಅಲ್ಲೇ ಬರೆದರು. ಬೆಟ್ಟಿಂಗ್ ಕಂಪನಿಗಳು ಒಂದಕ್ಕೆ ಐದು ಸಾವಿರ ಕೊಡುತ್ತೇವೆಂದಿದ್ದ ತಂಡ ಗೆದ್ದೇ ಬಿಟ್ಟಿತು! 2016ರ ಆಗಸ್ಟ್ 13ರ ರಾತ್ರಿ, ಐವತ್ತೈದರ ನಿರೂಪಕ ಬಿಳಿ ಬಾಕ್ಸರ್ ಚಡ್ಡಿಯಲ್ಲಿ ನಿಂತು ಗಂಭೀರವಾಗಿ ಫಲಿತಾಂಶ ಓದಿದರು. ಅಂದು ಚಾಂಪಿಯನ್ ಲೆಸ್ಟರ್ ತಂಡ ಹಲ್ ಎದುರು 2–1ರಿಂದ ಸೋತಿತ್ತು.

ಟ್ವಿಟರ್ ಒಳಚಡ್ಡಿಯವರೆಗೆ ಮಾತ್ರ ಒಯ್ದಿದ್ದರೆ ಎಲ್ಲರೂ ನಗುತ್ತಲೇ ಇರುತ್ತಿದ್ದರು. 2023ರ ಮಾರ್ಚ್ 7ರಂದು, ಸಣ್ಣ ದೋಣಿಗಳಲ್ಲಿ ಇಂಗ್ಲಿಷ್ ಕಾಲುವೆ ದಾಟಿ ಬರುವ ವಲಸಿಗರನ್ನು ತಡೆಯಲು ಬ್ರಿಟಿಷ್ ಸರ್ಕಾರ ಮಸೂದೆ ತಂದಿತು. ಅದನ್ನು ಸಮರ್ಥಿಸುವವರ ಭಾಷೆ 1930ರ ದಶಕದ ಜರ್ಮನಿಯ ಭಾಷೆಗಿಂತ ತೀರಾ ಬೇರೆಯೇನಲ್ಲ ಎಂದು ಲಿನೆಕರ್ ಬರೆದರು. ಮಂತ್ರಿಗಳು ಕೆರಳಿದರು. ಬಿಬಿಸಿ ನಿಷ್ಪಕ್ಷಪಾತದ ನಿಯಮ ಮುಂದಿಟ್ಟು ಅವರನ್ನು ಕಾರ್ಯಕ್ರಮದಿಂದ ದೂರ ಇರಿಸಿತು.

ಆಮೇಲೆ ನಡೆದದ್ದನ್ನು ಯಾವ ಅಧಿಕಾರಿಯೂ ಊಹಿಸಿರಲಿಲ್ಲ. ಕಾರ್ಯಕ್ರಮದ ಪರಿಣತ ಇಯಾನ್ ರೈಟ್, ನಾನೂ ಬರುವುದಿಲ್ಲ ಎಂದರು. ಬೆನ್ನಿಗೇ ಅಲನ್ ಶಿಯರರ್. ನಂತರ ವೀಕ್ಷಕ ವಿವರಣೆಕಾರರು ಹಿಂದೆ ಸರಿದರು. ಮಾರ್ಚ್ 11ರ ಶನಿವಾರ ‘ಮ್ಯಾಚ್ ಆಫ್ ದಿ ಡೇ’ ನಿರೂಪಕನಿಲ್ಲದೆ, ಪರಿಣತರಿಲ್ಲದೆ, ವಿವರಣೆಯಿಲ್ಲದೆ ಇಪ್ಪತ್ತು ನಿಮಿಷಗಳಲ್ಲಿ ಮುಗಿಯಿತು. ಪ್ರೇಕ್ಷಕರ ಗದ್ದಲ, ಚೆಂಡಿನ ಸದ್ದು, ಅಷ್ಟೆ. ಹಿಂದಿನ ವಾರಕ್ಕಿಂತ ಹೆಚ್ಚು ಜನ ಅದನ್ನು ನೋಡಿದರೆಂಬುದು ನಿರೂಪಕರ ಕುಲಕ್ಕೇ ಸ್ವಲ್ಪ ಮುಜುಗರದ ಸುದ್ದಿ. ಸೋಮವಾರ ಬಿಬಿಸಿ ಮಹಾನಿರ್ದೇಶಕ ಟಿಮ್ ಡೇವಿ ಕ್ಷಮೆ ಕೇಳಿ ಲಿನೆಕರ್ ಅವರನ್ನು ವಾಪಸ್ ಕರೆದರು.

ಸಾಮಾನ್ಯ ಟಿ.ವಿ. ನಿರೂಪಕನೊಬ್ಬನಿಗೆ ಹೀಗಾಗಿದ್ದರೆ ಸಹೋದ್ಯೋಗಿಗಳು ಒಂದು ಮನವಿಗೆ ಸಹಿ ಹಾಕಿ ಕೆಲಸಕ್ಕೆ ಹೋಗುತ್ತಿದ್ದರೇನೋ. ಇಲ್ಲಿ ಎದ್ದುಹೋದವರು ತಂಡವಾಗಿ ಎದ್ದುಹೋದರು, ಡ್ರೆಸ್ಸಿಂಗ್ ರೂಮಿನವರು ನಾಯಕನಿಗಾಗಿ ಏಳುವಂತೆ. ಇಪ್ಪತ್ತು ವರ್ಷ ಅವರನ್ನು ಮಾತಾಡಲು ಬಿಟ್ಟು, ತಾನು ಹಿಂದೆ ಉಳಿದಿದ್ದಕ್ಕೆ ಸಿಕ್ಕ ಪ್ರತಿಫಲ ಅದು. ಆ ಟ್ವೀಟ್ ಸರಿಯೋ ತಪ್ಪೋ, ವಾದ ಮಾಡಬಹುದು. ಕ್ರೀಡಾ ನಿರೂಪಕನ ಖಾಸಗಿ ಅಭಿಪ್ರಾಯಕ್ಕೆ ಸುದ್ದಿ ಓದುವವನ ಕಟ್ಟುಪಾಡು ಹೇರಿದ್ದು ಬಿಬಿಸಿಯ ಅವಿವೇಕ ಎಂದೇ ನನಗೆ ಅನ್ನಿಸುತ್ತದೆ.

ಎರಡು ವರ್ಷದ ನಂತರದ್ದನ್ನು ಹಾಗೆ ಸಮರ್ಥಿಸಲಾಗದು. 2025ರ ಮೇ ತಿಂಗಳಲ್ಲಿ, ಜಿಯೋನಿಸಂ (ಯಹೂದಿ ರಾಷ್ಟ್ರವಾದ) ಕುರಿತ ಒಂದು ಪೋಸ್ಟನ್ನು ಅವರು ಇನ್‌ಸ್ಟಾಗ್ರಾಂನಲ್ಲಿ ಹಂಚಿಕೊಂಡರು. ಅದರಲ್ಲಿ ಇಲಿಯ ಚಿತ್ರವಿತ್ತು. ನಾಜಿಗಳು ಯಹೂದಿಗಳನ್ನು ಹೀಯಾಳಿಸಲು ಬಳಸುತ್ತಿದ್ದ ಸಂಕೇತ ಇಲಿಯೇ. ಗಮನಿಸಿರಲಿಲ್ಲ ಎಂದು ಅಳಿಸಿದರು, ಕ್ಷಮೆ ಕೇಳಿದರು. ಒಪ್ಪೋಣ. ಆದರೂ ಪರದೆಯ ಮೇಲೆ ಏನಿದೆ ಎಂದು ನೋಡಿ ಆಮೇಲೆ ಬಾಯಿ ತೆರೆಯುವುದನ್ನೇ ಕಾಲು ಶತಮಾನ ಕಸುಬು ಮಾಡಿಕೊಂಡಿದ್ದವರಿಂದ ಈ ಅಜಾಗರೂಕತೆ ನಡೆಯಬಾರದಿತ್ತು. ಋತುವಿನ ಕೊನೆಗೆ ‘ಮ್ಯಾಚ್ ಆಫ್ ದಿ ಡೇ’ ಬಿಡುವುದು ಮೊದಲೇ ತೀರ್ಮಾನವಾಗಿತ್ತು; ಈಗ ಬಿಬಿಸಿಯನ್ನೇ ಬಿಟ್ಟರು. ಕಡೆಯ ಕಾರ್ಯಕ್ರಮ ಮೇ 25ರಂದು.

ಮನೆಯಲ್ಲಿ ಕೂರುವ ಗಿರಾಕಿ ಅವರಲ್ಲ. 2014ರಲ್ಲಿ ಜತೆಗಾರರೊಂದಿಗೆ ಕಟ್ಟಿದ ಗೋಲ್‌ಹ್ಯಾಂಗರ್ ಕಂಪನಿ ಈಗ ಪಾಡ್‌ಕಾಸ್ಟ್ ಲೋಕದ ದೊಡ್ಡ ಕುಳ. ‘ದಿ ರೆಸ್ಟ್ ಈಸ್ ಹಿಸ್ಟರಿ’ ಅಲ್ಲಿಯದು. ವಿಲಿಯಂ ಡಾಲ್ರಿಂಪಲ್, ಅನಿತಾ ಆನಂದ್ ನಡೆಸುವ ‘ಎಂಪೈರ್’ ಕೂಡ ಅಲ್ಲಿಯದೇ; ಈಸ್ಟ್ ಇಂಡಿಯಾ ಕಂಪನಿಯ ಕಥೆಯಿಂದ ಶುರುವಾದ ಅದನ್ನು ಬೆಂಗಳೂರಿನ ಟ್ರಾಫಿಕ್‌ನಲ್ಲಿ ಕೇಳುವವರಿಗೆ, ಇದರ ಹಿಂದೆ ಒಬ್ಬ ಹಳೆಯ ಸ್ಟ್ರೈಕರ್ ಇದ್ದಾನೆಂದು ಗೊತ್ತಿರಲಿಕ್ಕಿಲ್ಲ. ಬಿಬಿಸಿ ಬಿಟ್ಟ ನಾಲ್ಕೇ ತಿಂಗಳಿಗೆ, ಸೆಪ್ಟೆಂಬರ್‌ನಲ್ಲಿ, ಬ್ರಿಟನ್ನಿನ ರಾಷ್ಟ್ರೀಯ ಟೆಲಿವಿಷನ್ ಪ್ರಶಸ್ತಿಗಳ ಅತ್ಯುತ್ತಮ ನಿರೂಪಕ ಗೌರವ ಅವರಿಗೆ ಬಂತು. ಸತತ 23 ಸಲ ಅದನ್ನು ಗೆದ್ದಿದ್ದ ಆಂಟ್ ಮತ್ತು ಡೆಕ್ ಜೋಡಿಗೆ ಈ ಬಾರಿ ಅದು ತಪ್ಪಿತು.

ಖಾಲಿಯಾದ ಕುರ್ಚಿಗೆ ಬಿಬಿಸಿ ಮೂವರನ್ನು ನೇಮಿಸಿತು: ಮಾರ್ಕ್ ಚಾಪ್‌ಮನ್, ಕೆಲಿ ಕೇಟ್ಸ್, ಗ್ಯಾಬಿ ಲೋಗನ್. ಕೇಟ್ಸ್ ಅವರ ತಂದೆ ಕೆನಿ ಡಾಲ್ಗ್ಲಿಷ್, ಲೋಗನ್ ಅವರ ತಂದೆ ಟೆರಿ ಯೋರಾತ್, ಇಬ್ಬರೂ ಹೆಸರಾಂತ ಆಟಗಾರರಾಗಿದ್ದವರು. ಮೂವರು ನಿರೂಪಕರಲ್ಲಿ ಒಬ್ಬರೂ ವೃತ್ತಿಪರ ಫುಟ್‌ಬಾಲ್ ಆಡಿದವರಲ್ಲ.