ಹುಳುವಿನ ಔಷಧಿಯನ್ನು ಫೋನಿನಲ್ಲಿ ಹುಡುಕುವ ಮುನ್ನ

ಬೆಳೆಗೆ ಹುಳು ಬಿದ್ದರೆ ರೈತರು ಮೊದಲು ನೆರೆಹೊಲದವರನ್ನು, ಗ್ರಾಮಸೇವಕರನ್ನು, ಇಲ್ಲವೇ ಔಷಧಿ ಅಂಗಡಿಯವರನ್ನು ಕೇಳುತ್ತಿದ್ದರು. ಈಗ ಅನೇಕರು ಫೋನಿನಲ್ಲಿ ಗೂಗಲ್ ಹುಡುಕುತ್ತಾರೆ. ಉತ್ತರ ಕ್ಷಣದಲ್ಲಿ ಬರುತ್ತದೆ. ಆದರೆ ಅದು ಯಾವ ದೇಶದ ಹೊಲಕ್ಕೆ ಬರೆದ ಉತ್ತರ ಎಂಬುದನ್ನು ನೋಡಬೇಕು. ಅಂಗಡಿಯವನಾದರೆ ನಮ್ಮೂರಿನವನು, ಬೈಯಲಿಕ್ಕಾದರೂ ಸಿಗುತ್ತಿದ್ದ!

2018ರಲ್ಲಿ ಅಮೆರಿಕ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ನಮ್ಮ ರಾಜ್ಯದ ಮುಸುಕಿನ ಜೋಳದಲ್ಲಿಯೇ ಕಾಣಿಸಿತು. ಹುಡುಕಿದರೆ ಇದರ ಗುರುತು ಸಿಗುತ್ತದೆ. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ 'ವೈ' ಅಕ್ಷರದಂಥ ಗೆರೆ, ಬಾಲದ ಬಳಿ ಚೌಕಾಕಾರವಾಗಿ ನಾಲ್ಕು ಕಪ್ಪು ಚುಕ್ಕೆ. ಈ ಗುರುತು ಎಲ್ಲ ದೇಶಗಳಲ್ಲಿಯೂ ಒಂದೇ. ಹತೋಟಿಯ ಮಾತು ಹಾಗಲ್ಲ. ಅಮೆರಿಕದ ಪುಟ ಬಿ.ಟಿ. ಮುಸುಕಿನ ಜೋಳ ಬಿತ್ತಿರಿ ಎನ್ನಬಹುದು. ನಮ್ಮಲ್ಲಿ ಅದರ ಬೇಸಾಯಕ್ಕೆ ಅನುಮತಿಯಿಲ್ಲ. ಅಲ್ಲಿ ಹೇಳಿದ ಔಷಧಿ ಇಲ್ಲಿ ಈ ಬೆಳೆಗೆ ನೋಂದಣಿಯಾಗಿರದೆ ಇರಬಹುದು. ಅಳತೆಯೂ ಪೌಂಡು, ಔನ್ಸುಗಳಲ್ಲಿ. ಅದನ್ನು ನಂಬಿ ಸಿಂಪಡಿಸಿದರೆ ಹಣ ಹೋಗಿ, ಸುಳಿಯೊಳಗಿನ ಹುಳು ಹಾಗೆಯೇ ಉಳಿದೀತು.

ಉತ್ತರದ ಮೇಲೆ 'ಪ್ರಾಯೋಜಿತ' ಎಂದಿದ್ದರೆ ಅದು ಮಾರಾಟಗಾರರು ಹಣ ಕೊಟ್ಟು ಹಾಕಿಸಿದ ಜಾಹೀರಾತು. ಹುಡುಕುವಾಗ ಬೆಳೆ, ಹುಳುವಿನ ಹೆಸರಿನ ಜೊತೆಗೆ 'ಕರ್ನಾಟಕ', 'ಕೃಷಿ ವಿಶ್ವವಿದ್ಯಾಲಯ' ಎಂದೂ ಸೇರಿಸಿರಿ. ಕೊಳ್ಳುವ ಮುನ್ನ ಡಬ್ಬಿಯ ಚೀಟಿಯಲ್ಲಿ ನಿಮ್ಮ ಬೆಳೆಯ ಹೆಸರಿದೆಯೇ ಓದಿರಿ. ಸಂದೇಹವಿದ್ದರೆ 2004ರಿಂದ ನಡೆಯುತ್ತಿರುವ ಕಿಸಾನ್ ಕಾಲ್ ಸೆಂಟರಿಗೆ, 1800-180-1551ಕ್ಕೆ, ಫೋನು ಮಾಡಿ ಕೇಳಿರಿ. ಕರೆಗೆ ಹಣವಿಲ್ಲ; ಕನ್ನಡದಲ್ಲಿಯೇ ಉತ್ತರ ಕೊಡುತ್ತಾರೆ.