ಮೇಸ್ತ್ರಿಯ ‘ನಾಳೆ’ ಎಂದು ಬರುತ್ತದೆ?

ತಾರಸಿ ಸೋರುತ್ತಿದೆ. ಕೋಣೆಯ ಮೂಲೆಯಲ್ಲಿ ಬಕೆಟ್ ಇಟ್ಟು ಒಂದು ಮಳೆಗಾಲ ಕಳೆದಿರಿ. ಈ ಸಲ ಮಳೆಗೆ ಮುಂಚೆಯೇ ಸರಿಮಾಡಿಸಲೆಂದು ಪತಿ ಗಲ್ಫಿನಿಂದ ಹಣ ಕಳುಹಿಸಿದರು. ಮೇಸ್ತ್ರಿ ಬಂದರು, ಅಳತೆ ತೆಗೆದರು, ಅರ್ಧ ಹಣ ಮುಂಗಡ ಪಡೆದರು. ಎರಡು ದಿನ ಹಳೆಯ ಗಾರೆ ಕೆತ್ತಿ ಹಾಕಿ ಹೋದವರು ಮತ್ತೆ ಬರಲಿಲ್ಲ. ಫೋನ್ ಮಾಡಿದರೆ, “ನಾಳೆ ಬರ್ತೇನೆ ಅಕ್ಕಾ, ಇನ್‌ಶಾ ಅಲ್ಲಾಹ್.” ಮೇ ತಿಂಗಳು ಮುಗಿಯುತ್ತಾ ಬಂತು. ಕರಾವಳಿಯಲ್ಲಿ ಜೂನ್ ಮೊದಲ ವಾರದ ಮಳೆ ಯಾರಿಗೂ ಕಾಯುವುದಿಲ್ಲ.

ಇದು ನಮ್ಮೂರಿನ ಎಷ್ಟೋ ಮನೆಗಳ ಕಥೆ. ಇದರಲ್ಲಿ ಹೆಚ್ಚು ನೋಯಿಸುವುದು ಆ ‘ಇನ್‌ಶಾ ಅಲ್ಲಾಹ್’. ನಾಳೆ ಮಾಡುವೆನೆಂದು ಹೇಳುವಾಗ ಅಲ್ಲಾಹನ ಇಚ್ಛೆಯನ್ನು ಸ್ಮರಿಸಬೇಕೆಂದು ಪವಿತ್ರ ಕುರ್‌ಆನಿನ ಅಲ್‌ಕಹ್ಫ್ ಅಧ್ಯಾಯ ಕಲಿಸುತ್ತದೆ. ಅದು ಮಾಡಲು ಹೊರಟವನ ವಿನಯದ ಮಾತು. ಬರುವ ಮನಸ್ಸೇ ಇಲ್ಲದವನು ಅದನ್ನು ನೆಪ ಮಾಡಿಕೊಂಡರೆ ಅಲ್ಲಾಹನ ಹೆಸರನ್ನೇ ಹಗುರ ಮಾಡಿದಂತೆ. ಮಾತು ಕೊಟ್ಟು ತಪ್ಪುವುದನ್ನು ಪ್ರವಾದಿ(ಸ)ರು ಕಪಟಿಯ ಲಕ್ಷಣಗಳಲ್ಲಿ ಒಂದಾಗಿ ಎಣಿಸಿರುವುದು ನಮಗೆಲ್ಲ ಗೊತ್ತು.

ಆದರೆ ನಮ್ಮ ಕಡೆಯಿಂದ ಏನಾಗಬೇಕಿತ್ತು? “ನಮ್ಮವರೇ ಅಲ್ಲವೇ, ಬರೆಸಿಕೊಂಡರೆ ಬೇಸರವಾದೀತು” ಎನ್ನುತ್ತೇವೆ. ಕುರ್‌ಆನಿನ ಅತಿ ದೀರ್ಘ ಸೂಕ್ತ, ಅಲ್‌ಬಕರಃದ 282ನೆಯದು, ಇರುವುದೇ ಈ ವಿಷಯದಲ್ಲಿ. ಅವಧಿ ಇಟ್ಟ ಋಣವನ್ನು, ಸಣ್ಣದಿರಲಿ ದೊಡ್ಡದಿರಲಿ, ಬೇಸರಪಡದೆ ಬರೆದಿಡಿ, ಸಾಕ್ಷಿಗಳಿರಲಿ ಎಂಬುದು ಅದರ ಆಜ್ಞೆ. ಮುಂಗಡ ಕೊಟ್ಟ ಕ್ಷಣವೇ ಮೇಸ್ತ್ರಿಯ ಮೇಲೆ ನಿಮ್ಮ ಋಣವಿದೆ. ಬರೆಯುವುದು ಅಪನಂಬಿಕೆಯಲ್ಲ, ಇಬ್ಬರಿಗೂ ರಕ್ಷೆ.

ಒಂದು ಹಾಳೆ ಸಾಕು. ಎಷ್ಟು ಚದರಡಿ, ಸಿಮೆಂಟು ಮತ್ತು ಸೋರಿಕೆ ತಡೆಯುವ ಸಾಮಗ್ರಿ ಯಾವ ಕಂಪೆನಿಯದು, ಯಾರು ತರುವುದು, ಎಂದು ಶುರು, ಎಂದು ಮುಗಿತಾಯ, ಮತ್ತೆ ಸೋರಿದರೆ ಎಷ್ಟು ಕಾಲದವರೆಗೆ ಅವರ ಹೊಣೆ ಎಂಬುದನ್ನೆಲ್ಲ ಬರೆದು ಇಬ್ಬರೂ ಸಹಿ ಹಾಕಿ. ಹಣವನ್ನು ತಾರೀಕು ನೋಡಿ ಕೊಡಬೇಡಿ, ಕೆಲಸ ನೋಡಿ ಕೊಡಿ: ಕೆತ್ತಿದ ಮೇಲೆ ಇಷ್ಟು, ಗಾರೆ ಮುಗಿದ ಮೇಲೆ ಇಷ್ಟು. ಹೊಸ ಗಾರೆಗೆ ಕನಿಷ್ಠ 7 ದಿನ ನೀರುಣಿಸಬೇಕು. ಆಮೇಲೆ ತಾರಸಿಯ ನೀರು ಹೋಗುವ ದಾರಿ ಮುಚ್ಚಿ, ಒಂದೆರಡು ಇಂಚು ನೀರನ್ನು 48 ಗಂಟೆ ನಿಲ್ಲಿಸಿ ನೋಡಿ. ಕೆಳಗೆ ತೇವ ಕಾಣದಿದ್ದರೆ ಕೊನೆಯ ಕಂತು. ಸಾಮಾನಿನ ಅಂಗಡಿಗೆ ನೀವೇ ನೇರವಾಗಿ ಹಣ ಕೊಟ್ಟು ಬಿಲ್ಲು ಪಡೆದರೆ ಇನ್ನೂ ಒಳ್ಳೆಯದು.

ಈಗಾಗಲೇ ಕೆಲಸ ನಿಂತುಹೋಗಿದೆಯೇ? ಮೊದಲು ತಾರಸಿಗೆ ಟಾರ್ಪಾಲು ಹೊದಿಸಿ. ಅದಕ್ಕೂ ಮುಂಚೆ ಎಲ್ಲ ಮೂಲೆಗಳ ಫೋಟೋ ತೆಗೆದಿಡಿ. ಜಗಳ ಬೇಡ; ತಾರೀಕು ಹಾಕಿದ ಒಂದು ಪತ್ರದಲ್ಲಿ, ಇಂಥ ದಿನದೊಳಗೆ ಕೆಲಸ ಮುಂದುವರಿಸಿ, ಇಲ್ಲವೇ ಉಳಿದ ಹಣ ಹಿಂತಿರುಗಿಸಿ ಎಂದು ಬರೆದು, ತಲುಪಿದ್ದಕ್ಕೆ ಪುರಾವೆ ಸಿಗುವಂತೆ ಕಳುಹಿಸಿ. ಜಮಾಅತಿನ ಹಿರಿಯರೊಬ್ಬರನ್ನು ಮಧ್ಯೆ ಕೂರಿಸಿದರೆ ಅನೇಕ ಬಾರಿ ಅಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಹಣ ಪಡೆದು ಮಾಡುವ ಮನೆ ಕೆಲಸವೂ ಅದರಡಿ ‘ಸೇವೆ’ಯೇ. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. 1915ಕ್ಕೆ ಕರೆ ಮಾಡಿದರೆ ಸಲಹೆ ಸಿಗುತ್ತದೆ. ಅಲ್ಲಿ ನಿಮ್ಮ ಕಣ್ಣೀರಿಗಿಂತ ಆ ಒಂದು ಹಾಳೆ, ಬ್ಯಾಂಕ್ ಮೂಲಕ ಕಳುಹಿಸಿದ ಹಣದ ದಾಖಲೆ, ಫೋಟೋ ಇವುಗಳೇ ಹೆಚ್ಚು ಮಾತನಾಡುತ್ತವೆ.

ಇನ್ನೊಂದು ಮುಖವೂ ಇದೆ. ಎಲ್ಲ ಮೇಸ್ತ್ರಿಗಳೂ ಮೋಸಗಾರರಲ್ಲ. ಆಳುಗಳು ಊರಿಗೆ ಹೋಗುತ್ತಾರೆ, ಹೊಯಿಗೆ ಸಿಗುವುದಿಲ್ಲ, ಹಿಂದಿನ ಮನೆಯವರು ಬಾಕಿ ಇಟ್ಟಿರುತ್ತಾರೆ. ಹೌದು, ಕೆಲಸ ಮುಗಿದ ಮೇಲೆ “ಮುಂದಿನ ತಿಂಗಳು ನೋಡೋಣ” ಎನ್ನುವವರು ನಮ್ಮಲ್ಲೂ ಇದ್ದಾರೆ. ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ರ ಆದೇಶ ಅವರಿಗೇ ಇರುವುದು. ಹಾಳೆಯಲ್ಲಿ ಮೇಸ್ತ್ರಿಯ ಗಡುವಿನ ಪಕ್ಕದಲ್ಲೇ ನೀವು ಹಣ ಕೊಡುವ ಗಡುವನ್ನೂ ಬರೆಯಿರಿ.